ಮೂವರಿಗೆ ಒಬ್ಬ ಸಹಾಯಕ

‘ನಾವಿಲ್ಲವಾದ ಮೇಲೆ ಇವನ ಗತಿಯೇನು?’ ತೀವ್ರ ಅಂಗವೈಕಲ್ಯವಿರುವ ಮಕ್ಕಳ ತಂದೆತಾಯಿ ಬಾಯಿಬಿಟ್ಟು ಹೇಳದೆಯೂ ದಿನವೂ ಕೇಳಿಕೊಳ್ಳುವ ಪ್ರಶ್ನೆ ಇದು. ನಮ್ಮಲ್ಲಿ ಉತ್ತರದ ಹೊಣೆ ಅಣ್ಣನದೋ ಅತ್ತಿಗೆಯದೋ ಆಗಿ, ಕೊನೆಗೆ ದೇವರ ಮೇಲೆ ಬೀಳುತ್ತದೆ. ಸರ್ಕಾರದ ಬೊಕ್ಕಸದಿಂದಲೇ ಇದಕ್ಕೆ ಉತ್ತರ ಕೊಡಲು ಹೊರಟ ದೇಶ ಆಸ್ಟ್ರೇಲಿಯ. ಅಲ್ಲಿ ಈಗ ಆ ಉತ್ತರವನ್ನು ಪರಿಷ್ಕರಿಸುವ ಕೆಲಸ ನಡೆದಿದೆ. ನಿಯಮಗಳು ಬಿಗಿಯಾಗುತ್ತಿವೆ, ಹಣದ ಲೆಕ್ಕವೂ ಬಿಗಿಯಾಗುತ್ತಿದೆ. ಇವೆರಡೂ ಒಂದೇ ದಿಕ್ಕಿಗೆ ಸಾಗುತ್ತಿವೆಯೇ ಎಂಬುದು ಯೋಚಿಸಬೇಕಾದ ಸಂಗತಿ.

ಜೂಲಿಯಾ ಗಿಲಾರ್ಡ್ ಪ್ರಧಾನಿಯಾಗಿದ್ದಾಗ, 2013ರಲ್ಲಿ, ಅಲ್ಲಿನ ಸಂಸತ್ತು ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಗೆ ಒಪ್ಪಿಗೆ ನೀಡಿತು. ಎನ್‌ಡಿಐಎಸ್ ಎಂದೇ ಅದು ಪ್ರಸಿದ್ಧ. ಅದುವರೆಗೆ ಸರ್ಕಾರ ಸಂಸ್ಥೆಗಳಿಗೆ ಅನುದಾನ ಕೊಡುತ್ತಿತ್ತು, ಅಂಗವಿಕಲರು ಸಂಸ್ಥೆ ಕೊಟ್ಟದ್ದನ್ನು ಪಡೆಯುತ್ತಿದ್ದರು. ಹೊಸ ಯೋಜನೆ ಹಣವನ್ನು ವ್ಯಕ್ತಿಯ ಹೆಸರಿಗೇ ಮೀಸಲಿಟ್ಟಿತು; ಯಾರಿಂದ ಸೇವೆ ಪಡೆಯಬೇಕೆಂಬುದು ಆತನ ಆಯ್ಕೆ. ಇದರ ಒಂದು ಭಾಗ ‘ನೆರವು ಸಹಿತ ಸ್ವತಂತ್ರ ವಾಸ’. ಸ್ನಾನ, ಊಟ, ಔಷಧಿ, ರಾತ್ರಿಯ ಕಾವಲು ಇವೆಲ್ಲಕ್ಕೂ ಇನ್ನೊಬ್ಬರ ನೆರವು ಬೇಕಾದವರು ತಂದೆತಾಯಿಯ ಮನೆಯಲ್ಲೂ ಅಲ್ಲದೆ, ಆಶ್ರಮದಲ್ಲೂ ಅಲ್ಲದೆ, ಊರಿನ ಸಾಮಾನ್ಯ ಬೀದಿಯ ಮನೆಯೊಂದರಲ್ಲಿ ಬದುಕುವ ವ್ಯವಸ್ಥೆ. ಬಾಡಿಗೆ ಮತ್ತು ಊಟದ ವೆಚ್ಚವನ್ನು ಅವರು ತಮ್ಮ ಪಿಂಚಣಿಯಿಂದ ಕೊಡುತ್ತಾರೆ. ಸಹಾಯಕರ ವೆಚ್ಚವನ್ನು ಯೋಜನೆ ಭರಿಸುತ್ತದೆ.

ಇದಕ್ಕೆ ಹಿಂದಿನ ಕಥೆ ಕರಾಳವಾದುದು. ಮೆಲ್ಬರ್ನ್‌ನ ಕ್ಯೂ ಕಾಟೇಜಸ್ ಎಂಬ ದೊಡ್ಡ ನಿವಾಸ 1887ರಲ್ಲಿ ಆರಂಭವಾಯಿತು. ಬೌದ್ಧಿಕ ಅಂಗವೈಕಲ್ಯವಿದ್ದವರನ್ನು ಊರಿನ ಕಣ್ಣಿನಿಂದ ದೂರವಿಟ್ಟ ಇಂತಹ ಸಂಸ್ಥೆಗಳು ಆಗ ಪ್ರಗತಿಯ ಕುರುಹು ಎನಿಸಿದ್ದವು. 1996ರ ಏಪ್ರಿಲ್‌ನಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿಗೆ ಒಂಬತ್ತು ಮಂದಿ ನಿವಾಸಿಗಳು ಬಲಿಯಾದರು. 2008ರಲ್ಲಿ ಅದು ಮುಚ್ಚಿತು. ಅಲ್ಲಿಂದ ಹೊರಬಂದವರು ನಾಲ್ಕೈದು ಮಂದಿಯ ಸಮೂಹ ಮನೆಗಳಿಗೆ ಹೋದರು. ಗೋಡೆ ಚಿಕ್ಕದಾಯಿತು, ನಿಜ. ಒಳಗಿನ ರೂಢಿ ಎಷ್ಟು ಬದಲಾಯಿತು ಎಂಬ ಪ್ರಶ್ನೆ ಮಾತ್ರ ಉಳಿದೇ ಇತ್ತು. ಅಂಗವಿಕಲರ ಮೇಲಿನ ಹಿಂಸೆ, ನಿರ್ಲಕ್ಷ್ಯಗಳ ತನಿಖೆಗೆ 2019ರಲ್ಲಿ ನೇಮಕವಾದ ರಾಯಲ್ ಕಮಿಷನ್ ಅದೇ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಸಮೂಹ ಮನೆಗಳ ಕುರಿತೇ ಬಹಿರಂಗ ವಿಚಾರಣೆ ನಡೆಸಿತು. 2023ರ ಸೆಪ್ಟೆಂಬರ್‌ನಲ್ಲಿ ಅದು ಒಪ್ಪಿಸಿದ ಅಂತಿಮ ವರದಿಯಲ್ಲಿ 222 ಶಿಫಾರಸುಗಳಿವೆ. ಸಮೂಹ ಮನೆಗಳು 15 ವರ್ಷಗಳೊಳಗೆ ಕೊನೆಗೊಳ್ಳಬೇಕೆಂದು ಕೆಲವು ಆಯುಕ್ತರು ಹೇಳಿದರು; ಉಳಿದವರು ಅದನ್ನು ಒಪ್ಪಲಿಲ್ಲ.

ಅಷ್ಟರಲ್ಲಿ ಯೋಜನೆಯ ವೆಚ್ಚ ದೆಹಲಿಯ ಹಣಕಾಸು ಅಧಿಕಾರಿಗಳಿಗೂ ನಡುಕ ಹುಟ್ಟಿಸುವಷ್ಟು ಬೆಳೆದಿತ್ತು. ಸುಮಾರು 4.1 ಲಕ್ಷ ಮಂದಿಗೆ ವೈಯಕ್ತಿಕ ನೆರವು ಬೇಕಾದೀತೆಂದು ಉತ್ಪಾದಕತಾ ಆಯೋಗ 2011ರಲ್ಲಿ ಅಂದಾಜಿಸಿತ್ತು. 2025ರ ವೇಳೆಗೆ ಫಲಾನುಭವಿಗಳು 7 ಲಕ್ಷ ದಾಟಿದರು. ಸಂಖ್ಯೆ ಏರಿದ್ದು ಮುಖ್ಯವಾಗಿ ಮಕ್ಕಳ ಸೇರ್ಪಡೆಯಿಂದ. ಆದರೆ ತಲಾ ವೆಚ್ಚ ಅತಿ ಹೆಚ್ಚಿರುವುದು ಹಗಲಿರುಳು ನೆರವು ಬೇಕಾದ ವಯಸ್ಕರಿಗೆ. ವಾರ್ಷಿಕ ವೆಚ್ಚದ ಏರಿಕೆಯನ್ನು 2026ರ ಜುಲೈ ಹೊತ್ತಿಗೆ ಶೇ 8ಕ್ಕೆ ಇಳಿಸಬೇಕೆಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 2023ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದವು. ಅದೂ ಹೆಚ್ಚಾಯಿತು ಎಂದು ಸಚಿವ ಮಾರ್ಕ್ ಬಟ್ಲರ್ 2025ರ ಆಗಸ್ಟ್‌ನಲ್ಲಿ ಹೇಳಿದರು.

ಇಲ್ಲಿಯೇ ‘ಅನುಪಾತ’ ಎಂಬ ನಿರುಪದ್ರವಿ ಶಬ್ದ ಪ್ರವೇಶಿಸುತ್ತದೆ. ಯೋಜನೆಯ ಸ್ವತಂತ್ರ ಪರಾಮರ್ಶೆ ನಡೆಸಿದ ಬ್ರೂಸ್ ಬೊನಿಹಾಡಿ ಮತ್ತು ಲೀಸಾ ಪಾಲ್ ಅವರ ಸಮಿತಿಯ ವರದಿ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ದಿನದ 24 ಗಂಟೆಯೂ ನೆರವು ಬೇಕಾದವರಿಗೆ ಸಾಮಾನ್ಯವಾಗಿ ಮೂವರಿಗೆ ಒಬ್ಬ ಸಹಾಯಕನ ಲೆಕ್ಕದಲ್ಲಿ ಹಣ ನೀಡಬೇಕೆಂಬುದು ಅದರ ಸಲಹೆಗಳಲ್ಲೊಂದು. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ವಾರದ ದಿನಗಳ ಹಗಲಿನ ದರವೇ ಗಂಟೆಗೆ ಸುಮಾರು 70 ಆಸ್ಟ್ರೇಲಿಯನ್ ಡಾಲರ್. ಆ ದರದಲ್ಲಿಯೇ ಒಬ್ಬರಿಗೆ ಒಬ್ಬ ಸಹಾಯಕ ವರ್ಷವಿಡೀ ಇದ್ದರೆ ಆರು ಲಕ್ಷ ಡಾಲರ್ ಮೀರುತ್ತದೆ. ಮೂವರು ಹಂಚಿಕೊಂಡರೆ ತಲಾ ಎರಡು ಲಕ್ಷ. ಬೊಕ್ಕಸ ಕಾಯುವವರು ಈ ವ್ಯತ್ಯಾಸವನ್ನು ಕಡೆಗಣಿಸಲಾರರು. ಅವರನ್ನು ದೂಷಿಸುವುದೂ ಸುಲಭದ ಮಾತಲ್ಲ.

ಆದರೆ ಮೂವರಿಗೆ ಒಬ್ಬ ಸಹಾಯಕ ಎಂದರೆ ದಿನನಿತ್ಯದಲ್ಲಿ ಏನು? ಇಬ್ಬರು ಹೊರಗೆ ಹೋಗಬೇಕೆಂದರೆ ಮೂರನೆಯವರಿಗೆ ಜ್ವರ ಬಂದಿರಬಾರದು. ಎಂಟು ಗಂಟೆಗೆ ಒಬ್ಬರನ್ನು ಮಲಗಿಸಿದರೆ ಮಾತ್ರ ಒಂಬತ್ತಕ್ಕೆ ಇನ್ನೊಬ್ಬರ ಸರದಿ. ಸಿನಿಮಾದ ಎರಡನೇ ಆಟ ಎಂಬುದು ಇಲ್ಲ. ಇದಕ್ಕಿಂತ ದೊಡ್ಡ ತೊಡಕು, ಸಹವಾಸಿ ಯಾರೆಂಬುದು. ಮನೆಯಲ್ಲಿ ಒಂದು ಕೋಣೆ ತೆರವಾದರೆ ಸಂಸ್ಥೆಯ ಲೆಕ್ಕ ತಪ್ಪುತ್ತದೆ. ಸಿಕ್ಕವರನ್ನು ಬೇಗ ತುಂಬಿಸುವ ಒತ್ತಡ ಬರುತ್ತದೆ. ಹೀಗೆ ಬಂದ ಅಪರಿಚಿತನೊಂದಿಗೆ ಇಪ್ಪತ್ತು ವರ್ಷ ಒಂದೇ ಬಚ್ಚಲು ಹಂಚಿಕೊಳ್ಳಬೇಕು. ಮದುವೆಗೆ ಜಾತಕ ನೋಡುವ ನಾವು ಇದನ್ನು ಸ್ವಾತಂತ್ರ್ಯ ಎಂದೇವೆ? ಅಕ್ಕಪಕ್ಕದ ಬೇರೆ ಬೇರೆ ಮನೆಗಳಲ್ಲಿದ್ದೂ ಸಹಾಯಕರನ್ನು ಹಂಚಿಕೊಳ್ಳಬಹುದು ಎಂಬ ಸಮರ್ಥನೆಯಿದೆ. ಅದು ಸರಿಯೇ. ಆದರೆ ಬಾಡಿಗೆ ಗಗನಕ್ಕೇರಿರುವ ಸಿಡ್ನಿಯಲ್ಲಿ ಪಿಂಚಣಿಯ ಹಣಕ್ಕೆ ಒಂದೇ ಬೀದಿಯಲ್ಲಿ ಮೂರು ಮನೆ ಸಿಗುವುದು ಎಂದಿಗೆ?

ಇನ್ನು ನಿಯಂತ್ರಣದ ಮಾತು. ಈ ವಾಸದ ಸೇವೆ ನೀಡುವವರೆಲ್ಲರೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಜಾರಿಗೆ 2026ರ ಜುಲೈ 1 ಎಂದು ನಿಗದಿ ಮಾಡಿತು. ಇದು ಅಗತ್ಯವೇ. ಬಾಗಿಲು ಮುಚ್ಚಿದ ಮನೆಯೊಳಗೆ ಒಬ್ಬರ ದೇಹ ಮತ್ತೊಬ್ಬರ ಕೈಯಲ್ಲಿರುವಾಗ ಆ ಕೈ ಯಾರದೆಂದು ಸರ್ಕಾರಕ್ಕೆ ತಿಳಿದಿರಬೇಕು. ಆದರೆ ನೋಂದಣಿ ಏನನ್ನು ತಡೆಯಲಾರದು ಎಂಬುದಕ್ಕೆ ಅಡಿಲೇಡ್‌ನ ಒಂದು ಸಾವು ಸಾಕ್ಷಿ. ಸೆರೆಬ್ರಲ್ ಪಾಲ್ಸಿ ಇದ್ದ 54 ವರ್ಷದ ಮಹಿಳೆಯೊಬ್ಬರು 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರಿದ್ದದ್ದು ಸಮೂಹ ಮನೆಯಲ್ಲಲ್ಲ, ಸ್ವಂತ ಮನೆಯಲ್ಲಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಬೆತ್ತದ ಕುರ್ಚಿಯೊಂದರಲ್ಲೇ ಕಳೆದಿದ್ದರೆಂದು ಪೊಲೀಸರು ಹೇಳಿದರು. ಮೈಮೇಲೆ ಒತ್ತು ಹುಣ್ಣುಗಳು, ಹೊಟ್ಟೆಗೆ ಅನ್ನವಿಲ್ಲ. ಸಹಾಯಕಿಯನ್ನು ಕಳುಹಿಸಿದ್ದ ಸಂಸ್ಥೆ ನೋಂದಾಯಿತವಾಗಿತ್ತು! ತನಿಖೆ ನಡೆಸಿದ ಮಾಜಿ ನ್ಯಾಯಾಧೀಶ ಅಲನ್ ರಾಬರ್ಟ್‌ಸನ್ ಸೂಚಿಸಿದ ಪರಿಹಾರ ಸರಳವಾದುದು: ಅಸಹಾಯಕರಾದವರನ್ನು ಒಬ್ಬನೇ ಸಹಾಯಕನ ಕೈಗೆ ಒಪ್ಪಿಸಬಾರದು. ಬಂದು ಹೋಗುವ ಎರಡನೆಯ ಕಣ್ಣು ಬೇಕು.

ಎರಡನೆಯ ಕಣ್ಣಿಗೂ ಹಣ ಬೇಕು ಎಂಬುದನ್ನು ಮರೆಯುವಂತಿಲ್ಲ. ಲೆಕ್ಕಪರಿಶೋಧನೆ, ತರಬೇತಿ, ಕಡತಗಳ ನಿರ್ವಹಣೆ ಎಲ್ಲವೂ ಅದೇ ಗಂಟೆಯ ದರದೊಳಗಿಂದ ಬರಬೇಕಾದರೆ, ಮೊದಲು ಕಡಿಮೆಯಾಗುವುದು ಸಹಾಯಕರ ಸಮಯ. ದೊಡ್ಡ ಸಂಸ್ಥೆ ತಾಳಿಕೊಂಡೀತು. ನಾಲ್ಕು ಕುಟುಂಬಗಳು ಸೇರಿ ಮಕ್ಕಳಿಗಾಗಿ ಕಟ್ಟಿಕೊಂಡ ಪುಟ್ಟ ವ್ಯವಸ್ಥೆ ಮುಚ್ಚಬಹುದು. ನನಗೆ ನೋಂದಣಿಗಿಂತ ಮುಖ್ಯವಾಗಿ ಕಾಣುವುದು ಪರಾಮರ್ಶೆ ಹೇಳಿದ ಇನ್ನೊಂದು ಮಾತು: ಮನೆ ಕೊಡುವವನೂ ನೆರವು ಕೊಡುವವನೂ ಒಬ್ಬನೇ ಆಗಿರಬಾರದು. ಸಹಾಯಕ ಕೈಯೆತ್ತಿದ ಎಂದು ದೂರಿದರೆ ಬಾಡಿಗೆ ಮನೆಯೇ ಕೈತಪ್ಪುವ ಭಯವಿದ್ದಲ್ಲಿ ದೂರು ಪೆಟ್ಟಿಗೆ ಖಾಲಿಯಾಗಿಯೇ ಇರುತ್ತದೆ.

ನಮಗೇಕೆ ಈ ದೂರದ ಚರ್ಚೆ? ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮು ಸಮುದಾಯದಲ್ಲಿ ಬದುಕುವ ಹಕ್ಕನ್ನು ಒಪ್ಪಿದೆ. ಇಂಥದೇ ವಾಸವ್ಯವಸ್ಥೆಗೆ ಯಾರನ್ನೂ ಕಟ್ಟಿಹಾಕದಂತೆ, ಮನೆಯಲ್ಲೇ ವೈಯಕ್ತಿಕ ನೆರವು ದೊರೆಯುವಂತೆ ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಎಂದೂ ಹೇಳಿದೆ. ಆ ಒಂದು ಕ್ರಿಯಾಪದದ ಹಿಂದೆ ಎಷ್ಟು ಅನುದಾನವಿದೆ? ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿ ಶೇ 80ರಷ್ಟು ಅಂಗವೈಕಲ್ಯವಿರುವ ಬಡವರಿಗೆ ಕೊಡುವುದು ತಿಂಗಳಿಗೆ 300 ರೂಪಾಯಿ. 1999ರ ಕಾಯ್ದೆಯನ್ವಯ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್‌ನ ‘ಘರೌಂದಾ’ ವಯಸ್ಕರಿಗೆ ಸಮೂಹ ಮನೆ ಒದಗಿಸುವ ಯೋಜನೆ. ಆಸ್ಟ್ರೇಲಿಯದಲ್ಲಿ ಕೆಲವು ಆಯುಕ್ತರು ಮುಚ್ಚಲು ಹೇಳುತ್ತಿರುವ ಮಾದರಿಯನ್ನೇ ನಾವಿನ್ನೂ ಸಾಕಷ್ಟು ಕಟ್ಟಿಲ್ಲ. ನಮ್ಮಲ್ಲಿ ಒಬ್ಬರಿಗೆ ಒಬ್ಬ ಸಹಾಯಕ ಎಂಬ ಅನುಪಾತ ಇಂದಿಗೂ ಉಳಿದಿರುವುದು ಬಹುಪಾಲು ತಾಯಂದಿರ ದೆಸೆಯಿಂದ. ಅವರಿಗೆ ಗಂಟೆಯ ದರವಿಲ್ಲ, ರಜೆಯಿಲ್ಲ, ಎಪ್ಪತ್ತು ದಾಟಿದರೂ ನಿವೃತ್ತಿಯಿಲ್ಲ. ಅವರು ಇರುವಾಗಲೇ ಮಗ ಅಥವಾ ಮಗಳು ವಾರಕ್ಕೆರಡು ದಿನ ಬೇರೆ ಮನೆಯಲ್ಲಿದ್ದು ರೂಢಿಸಿಕೊಳ್ಳುವಂತಹ ಏರ್ಪಾಡಿಗೆ ರಾಜ್ಯ ಸರ್ಕಾರ ಮುಂದಿನ ಬಜೆಟ್‌ನಲ್ಲಿ ಒಂದಿಷ್ಟು ಹಣವಿಟ್ಟು, ಎರಡು ಜಿಲ್ಲೆಗಳಲ್ಲಾದರೂ ಆರಂಭಿಸಬಹುದು. ಮನೆಯ ಕರಾರು ಅಲ್ಲಿ ವಾಸಿಸುವವರ ಹೆಸರಿನಲ್ಲಿಯೇ ಇರಲಿ.