ಟ್ವೀಟರ್ ಚುಚ್ಚುತ್ತಿದೆಯೇ? ಮೊದಲು ನೆಲ ನೋಡಿ

ರೇಡಿಯೋದಲ್ಲಿ ‘ಸಮಾಚಾರ’ ಅಂದಾಗ ಆ ‘ಸ’ ಕಿವಿಗೆ ಸೂಜಿ ಚುಚ್ಚಿದಂತಾದರೆ, ಎಲ್ಲರೂ ಬೈಯುವುದು ಸ್ಪೀಕರ್ ಪೆಟ್ಟಿಗೆಯಲ್ಲಿ ಕೀಚಲು ದನಿ ನುಡಿಸುವ ಟ್ವೀಟರನ್ನು. ಸಕಾರದ ಸೀಟಿ ಹೆಚ್ಚಾಗಿ ಸುಮಾರು 5,000ದಿಂದ 8,000 ಹರ್ಟ್ಸ್ ನಡುವೆ ಇರುವುದರಿಂದ ಅದನ್ನು ನುಡಿಸುವುದು ಟ್ವೀಟರೇ, ನಿಜ. ಆದರೆ ತಪ್ಪು ಎಷ್ಟೋ ಸಲ ಮನೆಯದು.

ಚನ್ನಪಟ್ಟಣದ ನಮ್ಮ ಹೆಂಚಿನ ಮನೆಯಲ್ಲಿ ಇಂಪಾಗಿದ್ದ ಸ್ಪೀಕರ್ ಜೋಡಿ, ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ಮೇಲೆ ಕಿರುಚತೊಡಗಿತು. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ‘ಝಣ್’ ಅಂತು. ರೋಗ ಅಲ್ಲೇ ಗೊತ್ತಾಯಿತು.

10,000 ಹರ್ಟ್ಸ್ ದನಿಯ ಅಲೆ ಬರೀ 3.4 ಸೆಂಟಿಮೀಟರ್ ಉದ್ದ. 100 ಹರ್ಟ್ಸಿನದು 3.4 ಮೀಟರ್. ದೊಡ್ಡ ಅಲೆಗೆ ಬಟ್ಟೆ ಲೆಕ್ಕಕ್ಕೇ ಇಲ್ಲ, ಸಣ್ಣದನ್ನು ಜಮಖಾನ, ಕಂಬಳಿ, ನೆರಿಗೆಯ ಪರದೆ ಹೀರಿಬಿಡುತ್ತವೆ. ಹಾಗಾಗಿ ನಿಮಗೂ ಸ್ಪೀಕರಿಗೂ ನಡುವಿನ ನೆಲಕ್ಕೆ ಏನಾದರೂ ಹಾಸಿ. ಆಮೇಲೆ ಪೆಟ್ಟಿಗೆಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಕೇಳಿ. ಟ್ವೀಟರಿನ ದನಿ ಟಾರ್ಚ್ ಬೆಳಕಿನ ಹಾಗೆ, ನೇರ ಎದುರಿಗೆ ಹೆಚ್ಚು, ಪಕ್ಕಕ್ಕೆ ಕಡಿಮೆ. ಆಂಪ್ಲಿಫೈಯರಿನ ಲೌಡ್‌ನೆಸ್ ಬಟನ್ ಒತ್ತಿದೆಯೇ ಅಂತಲೂ ನೋಡಿಬಿಡಿ.

ಇಷ್ಟಕ್ಕೂ ಬಗ್ಗದಿದ್ದರೆ ರೆಸಿಸ್ಟರ್. ದಪ್ಪ ದನಿಯನ್ನು ವೂಫರಿಗೂ ಕೀಚಲನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನಿಂದ ಟ್ವೀಟರಿಗೆ ಹೋಗುವ ಪ್ಲಸ್ ವೈರಿನ ನಡುವೆ 2.2 ಓಮ್, ಟ್ವೀಟರಿನ ಎರಡು ಕಾಲುಗಳಿಗೆ ಅಡ್ಡಲಾಗಿ 22 ಓಮ್. ಇದಕ್ಕೆ ಎಲ್-ಪ್ಯಾಡ್ ಅನ್ನುತ್ತಾರೆ. 8 ಓಮ್ ಟ್ವೀಟರಿಗೆ ಹೋಗುವ ಪವರ್ ಹೆಚ್ಚುಕಡಿಮೆ ಅರ್ಧಕ್ಕೆ, ಅಂದರೆ 3 ಡೆಸಿಬಲ್‌ನಷ್ಟು ಇಳಿಯುತ್ತದೆ. ಒಂದೇ ರೆಸಿಸ್ಟರ್ ಸಾಲದೇ? ದನಿಯೇನೋ ಇಳಿಯುತ್ತದೆ, ಆದರೆ ಕ್ರಾಸ್‌ಓವರಿಗೆ ಕಾಣುವ ಲೋಡ್ ಬದಲಾಗಿ, ವೂಫರ್‌ನಿಂದ ಟ್ವೀಟರಿಗೆ ದಾಟುವ ಜಾಗವೂ ಸರಿದುಹೋಗುತ್ತದೆ. ಎರಡೂ ಇದ್ದರೆ ಲೋಡ್ 8 ಓಮಿನ ಆಸುಪಾಸಿನಲ್ಲೇ ನಿಲ್ಲುತ್ತದೆ. 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ತನ್ನಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ಜಾತ್ರೆ ಮೈಕಿನಲ್ಲಿ ಕಾಣುವ ಪೀಜೋ ಟ್ವೀಟರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಯಮಾಹಾ 1978ರಲ್ಲಿ ಮನೆಬಳಕೆಗೆಂದು ತಂದ ಎನ್‌ಎಸ್-10 ಸ್ಪೀಕರಿಗೂ ಇದೇ ಕಾಯಿಲೆ. ಅದನ್ನು ಸ್ಟುಡಿಯೋಗಳಿಗೆ ಒಯ್ದ ರೆಕಾರ್ಡಿಂಗ್ ಎಂಜಿನಿಯರುಗಳು ಟ್ವೀಟರಿನ ಮುಂದೆ ಟಿಶ್ಯೂ ಪೇಪರ್ ಅಂಟಿಸಿಕೊಂಡು ಕೆಲಸ ಮಾಡಿದರು. ಮನೆಯಲ್ಲೂ ಮಾಡಬಹುದು, ಆದರೆ ಕಾಗದ ಎಲ್ಲ ಸ್ವರವನ್ನೂ ಸಮನಾಗಿ ಇಳಿಸುವುದಿಲ್ಲ. ಪರೀಕ್ಷೆಗೆ ಸರಿ, ಸಂಸಾರಕ್ಕಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ನೆರಳಲ್ಲಿ ಬೆಳೆದವರು ‘ಸಿಲ್ಕ್ ಡೋಮ್’ ಅಂದ ತಕ್ಷಣ ಮೆತ್ತಗಿರುತ್ತದೆಂದು ನಂಬುತ್ತಾರೆ. ನಾನೂ ನಂಬಿದ್ದೆ. ಡೋಮ್ ಅಂದರೆ ಟ್ವೀಟರಿನಲ್ಲಿ ನಡುಗುವ ಪುಟ್ಟ ಗುಮ್ಮಟ; ಅದು ರೇಷ್ಮೆಯದಾಗಲಿ ಅಲ್ಯೂಮಿನಿಯಮ್ಮಿನದಾಗಲಿ, ವೂಫರಿಗಿಂತ 3 ಡೆಸಿಬಲ್ ಜೋರಿದ್ದರೆ ಎರಡೂ ಚುಚ್ಚುತ್ತವೆ.

ಆಂಪ್ಲಿಫೈಯರ್ ಆಫ್ ಮಾಡಿಯೇ ಪೆಟ್ಟಿಗೆ ಬಿಚ್ಚಿ, ಡೋಮಿಗೆ ಬೆರಳು ತಾಗಿಸಬೇಡಿ. ಎರಡೂ ಪೆಟ್ಟಿಗೆಗೆ ಒಂದೇ ಓಮ್ ಮೌಲ್ಯದ ರೆಸಿಸ್ಟರ್ ಹಾಕಿ. ಹಳೆ ವೈರನ್ನು ಕತ್ತರಿಸದೆ ಬೆಸುಗೆ ಬಿಡಿಸಿ ಜೋಡಿಸಿ. ಇನ್ನೊಂದು ಮನೆಗೆ ಹೋದಾಗ ಇದನ್ನೆಲ್ಲ ತೆಗೆಯಬೇಕಾಗಬಹುದು.