ಹೊಗುವ ದಾರಿ, ಹೊರಡುವ ದಾರಿ

ನಮ್ಮ ಹಳೆಯ ಶಾಸನಗಳಲ್ಲಿ ‘ನೆಲೆವೀಡು’ ಎಂಬ ಮಾತು ಬರುತ್ತದೆ. ಅರಸನು ಪರಿವಾರದೊಡನೆ ನೆಲೆನಿಂತ ಬೀಡು ಅದು. ದಂಡು ಎಷ್ಟೇ ದೂರ ಹೋಗಲಿ, ಮರಳಿ ಬರಲು ಒಂದು ನೆಲೆ ಬೇಕಷ್ಟೆ. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಮೋಆಬ್ ಎಂಬ ಪುಟ್ಟ ಊರಿಗೆ ವಸಂತದಲ್ಲಿ ಬಂದಿಳಿಯುವ ಪ್ರವಾಸಿಗಳು ಅರಸುವುದೂ ಅಂಥ ನೆಲೆಯನ್ನೇ. ಮುಂದೆ ಜೀಪು, ಹಿಂದೆ ಅದು ಎಳೆದು ತಂದ ಮನೆಯಂಥ ಟ್ರೇಲರು. ಇಷ್ಟೇ ಅವರ ಪರಿವಾರ.

ಮೋಆಬ್ ಇರುವುದು ಕೊಲರಾಡೊ ನದಿಯ ಬಳಿ, ಸುಮಾರು 4,000 ಅಡಿ ಎತ್ತರದಲ್ಲಿ. ಸುತ್ತಲೂ ಕೆಂಪು ಮರಳುಗಲ್ಲಿನ ಸೀಮೆ. 1952ರಲ್ಲಿ ಚಾರ್ಲ್ಸ್ ಸ್ಟೀನ್ ಎಂಬ ಭೂವಿಜ್ಞಾನಿ ಈ ಸೀಮೆಯಲ್ಲಿ ಯುರೇನಿಯಂ ಅದಿರಿನ ದೊಡ್ಡ ನಿಕ್ಷೇಪವನ್ನು ಕಂಡುಹಿಡಿದ ಮೇಲೆ ಗಣಿಗಾರರು ಮುಗಿಬಿದ್ದರು. ಅದಿರಿಗಾಗಿ ಕಡಿದಾದ ಬಂಡೆಗಳ ಅಂಚಿನಲ್ಲಿ ದಾರಿಗಳಾದವು. ಸುಮಾರು 100 ಮೈಲಿ ಉದ್ದದ ವೈಟ್ ರಿಮ್ ದಾರಿ ಅವುಗಳಲ್ಲೊಂದು. ಅದಿರಿನ ಭರಾಟೆ ಅಡಗಿತು, ದಾರಿಗಳು ಉಳಿದವು. 1964ರಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವು ಸ್ಥಾಪನೆಯಾಯಿತು. ಗಣಿಗಾರನು ಹೊಟ್ಟೆಪಾಡಿಗಾಗಿ ತುಳಿದ ಹಾದಿಯಲ್ಲಿ ಇಂದು ಪ್ರವಾಸಿಯು ವಿನೋದಕ್ಕಾಗಿ ಹೋಗುತ್ತಾನೆ.

ಆದರೆ ಅವು ಟ್ರೇಲರಿಗೆಂದು ಮಾಡಿದ ದಾರಿಗಳಲ್ಲ. ಬೀಡು ಹಾದಿಗೆ ಹತ್ತಿರವಿದ್ದಷ್ಟೂ ಲೇಸು ಎಂಬುದು ಹೊಸಬನ ಎಣಿಕೆ. ಇನ್ನೊಂದು ತಿರುವು, ಇನ್ನೊಂದು ದಿಬ್ಬ ಎಂದು ಮುಂದುವರಿದವನಿಗೆ, ಒಂದು ಕಡೆ ಬಂಡೆ ಮತ್ತೊಂದು ಕಡೆ ಪ್ರಪಾತ ಎದುರಾದಾಗ, ತಿರುಗಿಸಲು ಜಾಗವಿಲ್ಲವೆಂಬುದು ಹೊಳೆಯುತ್ತದೆ. ಹಿಂದಕ್ಕೆ ಬಿಡೋಣವೆಂದರೆ ಟ್ರೇಲರಿನ ಹಿಂಭಾಗವು ಚಕ್ರ ತಿರುಗಿಸಿದ ದಿಕ್ಕಿಗೆ ಎದುರಾಗಿ ಸರಿಯುತ್ತದೆ. ಅಭಿಮನ್ಯುವಿಗೆ ವ್ಯೂಹವನ್ನು ಹೊಗುವುದು ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ.

ಅನುಭವಿಯು ಹೀಗೆ ಮಾಡುವುದಿಲ್ಲ. ಡಾಂಬರು ರಸ್ತೆಯ ಬಳಿ ವಿಶಾಲವಾದ ಕಡೆ ಟ್ರೇಲರನ್ನು ಕಳಚಿಟ್ಟು, ಜೀಪಿನಲ್ಲಿಯೋ ಕಾಲುನಡಿಗೆಯಲ್ಲಿಯೋ ಮುಂದೆ ಹೋಗಿ ನೋಡಿ ಬರುತ್ತಾನೆ. ಇಡೀ ಗಾಡಿ ಸುತ್ತು ತಿರುಗಬಲ್ಲದೆ? ನೆಲ ಸಮವಾಗಿ ಗಟ್ಟಿಯಾಗಿದೆಯೆ, ಚಕ್ರ ಹೂತುಹೋಗುವ ಮರಳೆ? ಎದುರಿಗೆ ಮತ್ತೊಂದು ಗಾಡಿ ಬಂದರೆ ಗತಿಯೇನು? ಇವಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಅವನು ಟ್ರೇಲರನ್ನು ಒಯ್ಯುವುದು.

ಸಮವಾದ ನೆಲವೆಲ್ಲವೂ ನಂಬತಕ್ಕದ್ದಲ್ಲ. ಒಣಗಿದ ಹಳ್ಳದ ಪಾತ್ರವು ಹಾಸಿಟ್ಟಂತೆ ಕಂಡು ಕೈಬೀಸಿ ಕರೆಯುತ್ತದೆ. ತಲೆಯ ಮೇಲೆ ಆಕಾಶ ನಿರ್ಮಲವಾಗಿರುವಾಗಲೇ, ದೂರದಲ್ಲಿ ಬಿದ್ದ ಮಳೆಯ ನೀರು ಆ ಪಾತ್ರದಲ್ಲಿ ನುಗ್ಗಿ ಬರಬಹುದು.

ಕಂಡಕಂಡಲ್ಲಿ ಬೀಡುಬಿಡಲು ಕಾನೂನಿನ ಅಪ್ಪಣೆಯೂ ಇಲ್ಲ. ಭೂ ನಿರ್ವಹಣಾ ಇಲಾಖೆಯ ಸಾರ್ವಜನಿಕ ನೆಲದಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ತಂಗಬಹುದು; ಮೋಆಬಿನ ಸುತ್ತ ಅನೇಕ ಕಡೆ ಗುರುತಿಸಿಟ್ಟ ಸ್ಥಳಗಳಲ್ಲಿ ಮಾತ್ರವೇ ತಂಗತಕ್ಕದ್ದು. ಈ ಕಟ್ಟಳೆಗೆ ಅರ್ಥವಿದೆ. ಇಲ್ಲಿಯ ಮರಳಿನ ಮೇಲೆ ಕಪ್ಪಗೆ ಉಬ್ಬುತಗ್ಗಾಗಿ ಕಾಣುವ ತೆಳುವಾದ ಹೊದಿಕೆಯೊಂದಿದೆ. ಅದು ನಿರ್ಜೀವ ಮಣ್ಣಲ್ಲ. ಸೂಕ್ಷ್ಮಜೀವಿಗಳೂ ಕಲ್ಲುಹೂವೂ ಪಾಚಿಯೂ ಕೂಡಿ ಹೆಣೆದದ್ದು. ಮಣ್ಣು ಗಾಳಿಗೆ ಹಾರದಂತೆ ಹಿಡಿದಿಟ್ಟಿರುವುದು ಅದೇ. ಟ್ರೇಲರು ತಿರುಗಿಸುವ ಆತುರದಲ್ಲಿ ಒಂದು ಗಳಿಗೆ ಅದರ ಮೇಲೆ ಚಕ್ರ ಹರಿದರೆ, ಗಾಯ ಮಾಯಲು ಹಲವು ದಶಕಗಳೇ ಬೇಕು.

ಹಾಗಾದರೆ ಒಳ್ಳೆಯ ನೆಲೆವೀಡು ಯಾವುದು? ದಾರಿಯು ಇನ್ನೂ ಸೌಮ್ಯವಾಗಿರುವಲ್ಲಿ, ಹಿಂದಿನವರು ತಂಗಿ ಗಟ್ಟಿಯಾದ ನೆಲದಲ್ಲಿ, ಹೊರಡುವ ದಿಕ್ಕಿಗೆ ಮುಖಮಾಡಿ ನಿಂತದ್ದು. ಅಲ್ಲಿಂದ ಹಾದಿಯವರೆಗೆ ನಾಲ್ಕಾರು ಮೈಲಿ ಹೆಚ್ಚು ಓಡಾಡಬೇಕಾಗಬಹುದು. ಸಂಜೆ ಧೂಳು ಮೆತ್ತಿದ ಜೀಪು ಬಂಡೆಗಳನ್ನಿಳಿದು ಬರುವಾಗ, ನಂಬಿಕೆಯಿಂದ ಮರಳುವ ಒಂದು ನೆಲೆಯುಂಟಲ್ಲ, ಅದಕ್ಕೆ ತೆತ್ತ ಬೆಲೆ ಅಷ್ಟೆ.