ತಲೆಸ್ನಾನದ ದಿನ ಕೂದಲಿನ ಮೇಲೆ ಕರುಣೆ ಇರಲಿ

"ಮೊದಲು ಎಷ್ಟು ಚೆನ್ನಾಗಿತ್ತು ನಿಮ್ಮ ಜಡೆ, ಈಗೇನಾಯ್ತು?" ಮದುವೆಮನೆಯಲ್ಲಿ ಯಾರಾದರೂ ನೆಂಟರು ಹೀಗಂದರೆ ಸಾಕು, ಅಂದಿನ ಹೋಳಿಗೆಯೂ ರುಚಿಸುವುದಿಲ್ಲ. ಮರುದಿನವೇ ಹೊಸ ಎಣ್ಣೆ, ಹೊಸ ಶಾಂಪೂ ಮನೆಗೆ ಬರುತ್ತವೆ. ಸ್ವಲ್ಪ ತಾಳಿ. ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಬಾಚಣಿಗೆಯನ್ನೊಮ್ಮೆ ನೋಡಿ.

ಬಾಚಣಿಗೆಗೆ ಸಿಕ್ಕ ಕೂದಲು ಉದ್ದವಾಗಿದ್ದು, ಒಂದು ತುದಿಯಲ್ಲಿ ಬಿಳಿ ಚುಕ್ಕೆಯಿದ್ದರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಚುಕ್ಕೆಯಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಾಗಿದ್ದರೆ ಕೂದಲು ಒಣಗಿ ನಡುವೆ ಮುರಿಯುತ್ತಿದೆ ಅಂತ ತಿಳಿಯಿರಿ. ಇದಕ್ಕೆ ಉಪಾಯ ನಿಮ್ಮ ಬಚ್ಚಲುಮನೆಯಲ್ಲೇ ಇದೆ.

ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುತ್ತದೆ. ಎಂದರೆ, ಎರಡು ಅಡಿ ಜಡೆಯ ತುದಿಗೆ ಆಗಲೇ ನಾಲ್ಕು ವರ್ಷ ವಯಸ್ಸು! ಹಳೆಯ ರೇಷ್ಮೆ ಸೀರೆಯನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕುತ್ತೀರಾ? ಇಲ್ಲ ತಾನೆ? ಜಡೆಯ ತುದಿಗೂ ಅದೇ ಮರ್ಯಾದೆ ಕೊಡಿ.

ಎಣ್ಣೆ: ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಕೂದಲಿನ ಉದ್ದಕ್ಕೂ, ಮುಖ್ಯವಾಗಿ ತುದಿಗೆ ಸವರಿ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ. ನೀರು ಕುಡಿದು ಕೂದಲು ಉಬ್ಬುವುದನ್ನು ತಗ್ಗಿಸುತ್ತದೆ. ಬರೀ ಹರಳೆಣ್ಣೆ ತೀರಾ ಅಂಟು. ಅದನ್ನು ತೊಳೆಯಲು ತಿಕ್ಕುವಷ್ಟರಲ್ಲಿ ಕೂದಲು ಗಂಟಾಗುತ್ತದೆ. ತಲೆಹೊಟ್ಟು ಇರುವವರು ರಾತ್ರಿಯಿಡೀ ನೆತ್ತಿಗೆ ಎಣ್ಣೆ ಬಿಡಬೇಡಿ.

ನೀರು: ಕೋಲಾರ, ಚಿತ್ರದುರ್ಗದಂಥ ಬಯಲುಸೀಮೆಯ ಕಡೆ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ಸೋಪು ಸರಿಯಾಗಿ ನೊರೆ ಬಾರದಿದ್ದರೆ, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಚಕ್ಕೆ ಕಟ್ಟಿದರೆ ಅದು ಗಡಸು ನೀರು. ಇಂಥ ನೀರಿನಲ್ಲಿ ಮೈಸೋಪಿನಿಂದ ತಲೆ ತೊಳೆದರೆ, ನೀರಿನ ಸುಣ್ಣದಂಶ ಸೋಪಿನೊಡನೆ ಸೇರಿ ಕೂದಲಿಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಎಷ್ಟು ತೊಳೆದರೂ ಕೂದಲು ಮಂಕು. ನೀರಿಗೆ ವಾಷಿಂಗ್ ಸೋಡಾ ಹಾಕುವುದಂತೂ ಬೇಡವೇ ಬೇಡ. ಅದರ ಕ್ಷಾರಕ್ಕೆ ಕೂದಲು ಇನ್ನೂ ಒರಟಾಗುತ್ತದೆ. ಸೀಗೆಕಾಯಿಯನ್ನೋ ಸೌಮ್ಯ ಶಾಂಪೂವನ್ನೋ ಬಳಸಿ. ಮಳೆನೀರು ಸಿಕ್ಕರೆ ಒಂದು ಬಿಂದಿಗೆ ಹಿಡಿದಿಟ್ಟು, ಕೊನೆಯಲ್ಲಿ ಅದರಿಂದ ಕೂದಲು ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ.

ತೊಳೆಯುವ ಬಗೆ: ಸೀಗೆಪುಡಿಯನ್ನು ಒಣದಾಗಿ ಹಾಕಿ ಉಜ್ಜಬೇಡಿ, ತರಿ ಕೂದಲನ್ನು ಗೀರುತ್ತದೆ. ನೀರಿನಲ್ಲಿ ನೆನೆಸಿ, ಕುದಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಶಾಂಪೂ ಆದರೆ ಒಂದು ಚೊಂಬು ನೀರಿಗೆ ಬೆರೆಸಿಕೊಳ್ಳಿ. ಎರಡನ್ನೂ ನೆತ್ತಿಗೆ ಹಾಕಿ ಬೆರಳ ತುದಿಯಿಂದ ತಿಕ್ಕಿದರೆ ಸಾಕು. ಇಳಿದು ಬರುವ ನೊರೆಯೇ ತುದಿಯನ್ನು ಶುಚಿ ಮಾಡುತ್ತದೆ. ಜಡೆಯನ್ನೆಲ್ಲ ತಲೆಯ ಮೇಲೆ ಮುದ್ದೆ ಮಾಡಿ ಬಟ್ಟೆಯಂತೆ ಹೊಸೆಯಬೇಡಿ. ಹೊಳಪಿಗೆಂದು ನಿಂಬೆರಸ ಹಚ್ಚಿ ಬಿಸಿಲಿಗೆ ಕೂರುವವರಿದ್ದಾರೆ. ಹಾಗೆ ಮಾಡಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳಬಹುದು.

ಒಣಗಿಸುವುದು: ಹೆಚ್ಚಿನ ಹಾನಿ ಆಗೋದು ಇಲ್ಲೇ ನೋಡಿ. ಒದ್ದೆ ಕೂದಲು ಎಳೆದಷ್ಟೂ ಹಿಗ್ಗುತ್ತದೆ, ಸುಲಭವಾಗಿ ಮುರಿಯುತ್ತದೆ. ಟವೆಲಿನಿಂದ ಫಟ್ ಫಟ್ ಎಂದು ಬಡಿಯುವ ಅಭ್ಯಾಸ ಬಿಡಿ. ಹಳೆಯ ಹತ್ತಿ ಪಂಚೆಯನ್ನು ಹತ್ತು ನಿಮಿಷ ಸುತ್ತಿ, ನೀರನ್ನು ಒತ್ತಿ ತೆಗೆಯಿರಿ. ಅರ್ಧ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ಹಾಗೇ ಮೇಲಕ್ಕೆ ಬನ್ನಿ. ಸುಡು ಬಿಸಿಲಿಗಿಂತ ಗಾಳಿಯಾಡುವ ನೆರಳು ಮೇಲು. ಡ್ರೈಯರ್ ಹಿಡಿಯುವವರು ಒಂದು ಗೇಣು ದೂರದಲ್ಲಿಟ್ಟು ಆಡಿಸುತ್ತಿರಬೇಕು. ಅಡುಗೆಗೆ ಹೊತ್ತಾಯಿತು ಅಂತ ಒದ್ದೆ ಕೂದಲನ್ನೇ ಬಿಗಿಯಾಗಿ ಹೆಣೆಯಬೇಡಿ. ತುದಿಗೊಂದು ಸಡಿಲ ಗಂಟು ಸಾಕು.

ಇನ್ನೊಂದು ಮಾತು. ಸೀಳಿದ ತುದಿಯನ್ನು ಯಾವ ಎಣ್ಣೆಯೂ ಮತ್ತೆ ಕೂಡಿಸಲಾರದು; ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಅಂಗುಲ ಕತ್ತರಿಸಿ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಕೂದಲು ಹೆಚ್ಚಾಗಿ ಉದುರಿದರೆ ಬಾಣಂತಿ ಹೆದರಬೇಕಿಲ್ಲ. ಸಾಮಾನ್ಯವಾಗಿ ವರ್ಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಬುಡದಿಂದ ಹಿಡಿಹಿಡಿಯಾಗಿ ಉದುರುತ್ತಿದ್ದು, ಜೊತೆಗೆ ಸುಸ್ತು, ಮೆಟ್ಟಿಲೇರಿದರೆ ಏದುಸಿರು, ಮುಟ್ಟಿನಲ್ಲಿ ಅತಿಸ್ರಾವ ಇದ್ದರೆ ಎಣ್ಣೆ ಬದಲಾಯಿಸುತ್ತ ಕೂರಬೇಡಿ. ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ಮನೆಯವರಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವ ನಮ್ಮ ಹೆಂಗಸರಿಗೆ ರಕ್ತಹೀನತೆ ಅಪರೂಪವೇನಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು. "ಕೂದಲಿಗೋಸ್ಕರ ಡಾಕ್ಟರ ಹತ್ರ ಹೋಗೋದೇ?" ಅಂತ ಸಂಕೋಚ ಬೇಡ.

ಈ ಕ್ರಮಕ್ಕೆ ಫಲ ಕಾಣಲು ಮೂರು ನಾಲ್ಕು ತಿಂಗಳು ಬೇಕು. ಖರ್ಚಂತೂ ಇಲ್ಲ. ಬರುವ ಶುಕ್ರವಾರದ ಎಣ್ಣೆಸ್ನಾನದಿಂದಲೇ ಶುರುಮಾಡಿ ನೋಡಿ.